ಹಳೆಯ ಕಾರಿನ ಮೈಲೇಜ್ ಇಳಿದಾಗ: ದೋಷವನ್ನು ಹಂತಹಂತವಾಗಿ ಹುಡುಕುವ ಬಗೆ

ಹಳೆಯ ಕಾರು ಮೊದಲಿನಂತೆ ಮೈಲೇಜ್ ಕೊಡುತ್ತಿಲ್ಲವೆಂದು ಅನ್ನಿಸಿದ ಕೂಡಲೇ ಹೆಚ್ಚಿನವರು ಗ್ಯಾರೇಜಿಗೆ ಹೋಗಿ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಆಯಿಲ್ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಕೊಂಡು ಬರುತ್ತಾರೆ. ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ. ಹದಿನಾಲ್ಕು ವರ್ಷ ಹಳೆಯದಾದ ನನ್ನ ಪೆಟ್ರೋಲ್ ಕಾರಿಗೆ ಎರಡು ತಿಂಗಳೊಳಗೆ ಹೊಸ ಪ್ಲಗ್‌ಗಳು ಬಂದವು, ಫಿಲ್ಟರ್ ಬಂತು, ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳ ಕ್ಲೀನಿಂಗ್ ಕೂಡ ಆಯಿತು; ಮೈಲೇಜ್ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಸಿಕ್ಕ ಕಾರಣಕ್ಕೂ ಎಂಜಿನ್ನಿಗೂ ಸಂಬಂಧವೇ ಇರಲಿಲ್ಲ. ಹ್ಯಾಂಡ್ ಬ್ರೇಕಿನ ಕೇಬಲ್ ತನ್ನ ಕವಚದೊಳಗೆ ತುಕ್ಕು ಹಿಡಿದು, ಲಿವರ್ ಇಳಿಸಿದ ಮೇಲೂ ಪೂರ್ತಿ ಹಿಂದಕ್ಕೆ ಸರಿಯದೆ, ಹಿಂದಿನ ಎಡಚಕ್ರದ ಬ್ರೇಕ್ ಶೂವನ್ನು ಡ್ರಮ್ಮಿಗೆ ಒತ್ತಿಯೇ ಇಟ್ಟಿತ್ತು.

ಇಂಧನ ಹೆಚ್ಚು ಖರ್ಚಾಗುವುದಕ್ಕೆ ಮೂಲದಲ್ಲಿ ಎರಡೇ ದಾರಿಗಳಿವೆ. ಗಾಡಿ ಉರುಳುವುದಕ್ಕೇ ಹೆಚ್ಚು ಬಲ ಬೇಡುತ್ತಿರಬೇಕು, ಇಲ್ಲವೇ ಅಷ್ಟೇ ಬಲಕ್ಕೆ ಎಂಜಿನ್ ಹೆಚ್ಚು ಇಂಧನ ಉರಿಸುತ್ತಿರಬೇಕು. ಟ್ಯಾಂಕಿನಿಂದಲೋ ಪೈಪಿನಿಂದಲೋ ಸೋರುವುದನ್ನು ಮೂರನೆಯದೆಂದು ಸೇರಿಸಬಹುದಾದರೂ ಅದು ವಾಸನೆಯಿಂದಲೇ ಗೊತ್ತಾಗುತ್ತದೆ. ಪೆಟ್ರೋಲ್ ವಾಸನೆ ಬಂದರೆ ಬೇರೇನನ್ನೂ ನೋಡುವ ಮೊದಲು ಸೋರಿಕೆಯನ್ನು ಹುಡುಕಿ ನಿಲ್ಲಿಸಬೇಕು, ಏಕೆಂದರೆ ಅಲ್ಲಿ ಮೈಲೇಜಿಗಿಂತ ಬೆಂಕಿಯ ಚಿಂತೆ ದೊಡ್ಡದು. ಉಳಿದ ಎರಡು ದಾರಿಗಳಲ್ಲಿ ನಿಮ್ಮ ಕಾರು ಯಾವುದನ್ನು ಹಿಡಿದಿದೆ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಅರ್ಧದಷ್ಟು ಬಿಡಿಭಾಗಗಳು ಸಂಶಯದ ಪಟ್ಟಿಯಿಂದಲೇ ಹೊರಗೆ ಹೋಗುತ್ತವೆ. ಈ ಲೇಖನದ ಕ್ರಮ ಅದನ್ನೇ ಅನುಸರಿಸುತ್ತದೆ.

ಮೊದಲ ಹಂತ: ಸರಿಯಾದ ಅಳತೆ

ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸರಾಸರಿಯನ್ನು ಸದ್ಯಕ್ಕೆ ಬದಿಗಿಡಿ. ಅದು ಇಂಜೆಕ್ಟರ್ ತೆರೆದಿರುವ ಅವಧಿಯಿಂದ ಲೆಕ್ಕಹಾಕಿದ ಅಂದಾಜು, ಮತ್ತು ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಇಂಜೆಕ್ಟರ್ ಸೋರುತ್ತಿದ್ದರೆ ಆ ಸೋರಿಕೆ ಅದರ ಲೆಕ್ಕಕ್ಕೆ ಬರುವುದೂ ಇಲ್ಲ.

ನಂಬಬಹುದಾದ ವಿಧಾನವೆಂದರೆ ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿನ ಲೆಕ್ಕ. ಬಂಕಿನಲ್ಲಿ ನಾಜಲ್ ತಾನಾಗಿ ಮೊದಲ ಬಾರಿ ಕಟ್ ಆಗುವವರೆಗೆ ತುಂಬಿಸಿ, ಓಡೋಮೀಟರಿನ ಅಂಕಿಯನ್ನು ಬರೆದುಕೊಳ್ಳಿ. ಟ್ಯಾಂಕ್ ಮುಕ್ಕಾಲು ಪಾಲು ಖಾಲಿಯಾಗುವವರೆಗೆ ಎಂದಿನಂತೆ ಓಡಿಸಿ, ಸಾಧ್ಯವಾದರೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡೋಮೀಟರ್ 84,210ರಿಂದ 84,622ಕ್ಕೆ ಬಂದಿದ್ದು ಎರಡನೆಯ ಸಲ 31.7 ಲೀಟರ್ ಹಿಡಿದರೆ, 412ನ್ನು 31.7ರಿಂದ ಭಾಗಿಸಿದಾಗ ಲೀಟರಿಗೆ 13 ಕಿಲೋಮೀಟರ್ ಬರುತ್ತದೆ.

ಈ ಲೆಕ್ಕದಲ್ಲಿ ತಪ್ಪು ನುಸುಳುವ ಜಾಗ ನಾಜಲ್ ಕಟ್ ಆಗುವ ಮಟ್ಟ. ಗಾಡಿ ಸ್ವಲ್ಪ ಓರೆಯಾಗಿ ನಿಂತಿದ್ದರೂ ಒಂದು ಲೀಟರಿನ ವ್ಯತ್ಯಾಸ ಬರಬಹುದು. ಹತ್ತು ಲೀಟರ್ ತುಂಬಿಸಿ ಲೆಕ್ಕ ಹಾಕುವವರಿಗೆ ಅದು ಶೇ 10ರ ತಪ್ಪು. ನಲವತ್ತು ಲೀಟರಿನಲ್ಲಿ ಶೇ 2.5. ಆದ್ದರಿಂದ ಸತತವಾಗಿ ಮೂರು ಟ್ಯಾಂಕುಗಳ ಲೆಕ್ಕ ಇಟ್ಟು, ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸುವುದು ಉತ್ತಮ. ನಡುವಿನ ತುಂಬಿಸುವಿಕೆಗಳಲ್ಲಿ ಆದ ಏರುಪೇರುಗಳು ತಮ್ಮತಮ್ಮಲ್ಲೇ ಸರಿಹೋಗಿ, ಮೊದಲನೆಯ ಮತ್ತು ಕೊನೆಯ ತುಂಬಿಸುವಿಕೆಯ ವ್ಯತ್ಯಾಸವಷ್ಟೇ ಉಳಿಯುತ್ತದೆ.

ಓಡೋಮೀಟರನ್ನೂ ಒಮ್ಮೆ ಪರೀಕ್ಷಿಸಿ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನೋ ಫೋನಿನ ಜಿಪಿಎಸ್ಸನ್ನೋ ಆಧಾರವಾಗಿಟ್ಟುಕೊಂಡು ಇಪ್ಪತ್ತು ಕಿಲೋಮೀಟರ್ ಓಡಿಸಿ ನೋಡಿದರೆ ಸಾಕು. ಓಡೋಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು, ರಸ್ತೆಯ ಉದ್ದವನ್ನಲ್ಲ. ಹೊಸ ಟೈರಿನಲ್ಲಿ ರಸ್ತೆಗೆ ತಾಗುವ 8 ಮಿಲಿಮೀಟರ್ ದಪ್ಪದ ಪಟ್ಟಿ ಸವೆದು 2 ಮಿಲಿಮೀಟರಿಗೆ ಬಂದಾಗ ಸಣ್ಣ ಕಾರಿನ ಚಕ್ರದ ಸುತ್ತಳತೆ ಸುಮಾರು ಶೇ 2ರಷ್ಟು ಕುಗ್ಗಿರುತ್ತದೆ. ಅಂದರೆ ಸವೆದ ಟೈರಿನಲ್ಲಿ ಓಡೋಮೀಟರ್ ಹೆಚ್ಚು ಓಡಿದಂತೆ ತೋರಿಸಿ ಮೈಲೇಜನ್ನು ಹಿಗ್ಗಿಸಿರುತ್ತದೆ. ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದುಹೋಯಿತೆಂದು ದೂರುವವರ ಮಾತಿನಲ್ಲಿ ಒಂದು ಪಾಲು ಹೀಗೆ ಹುಟ್ಟಿದ್ದು. ಇನ್ನೊಂದು ಪಾಲು ನಿಜವೇ: ದಪ್ಪ ಪಟ್ಟಿಯ ಹೊಸ ರಬ್ಬರ್ ಉರುಳುವಾಗ ಹೆಚ್ಚು ಶಕ್ತಿ ತಿನ್ನುತ್ತದೆ. ಮೂಲ ಅಳತೆಗಿಂತ ದೊಡ್ಡ ಟೈರ್ ಹಾಕಿಸಿದ್ದರೆ ಓಡೋಮೀಟರ್ ಕಡಿಮೆ ಎಣಿಸುವುದರಿಂದ, ಇಲ್ಲದ ನಷ್ಟವೂ ಕಾಗದದ ಮೇಲೆ ಕಾಣುತ್ತದೆ.

ಎರಡನೆಯ ಹಂತ: ಬದಲಾದದ್ದು ಕಾರೋ, ಓಡಾಟವೋ

ಮನೆಯಿಂದ ಮೂರು ಕಿಲೋಮೀಟರಿನ ಓಡಾಟಕ್ಕೇ ಕಾರು ಬಳಕೆಯಾಗುತ್ತಿದ್ದರೆ ಅದರ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದ ಕಾರಣ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಹೆಚ್ಚು ಪೆಟ್ರೋಲ್ ಸೇರಿಸಬೇಕಾಗುತ್ತದೆ; ಆಯಿಲ್ ಮಂದವಾಗಿರುವುದರಿಂದ ಘರ್ಷಣೆಯೂ ಹೆಚ್ಚು. ಕೆಲಸ ಬದಲಾಗಿ, ದಾರಿ ಬದಲಾಗಿ, ಓಡಾಟದ ಬಗೆ ಹೀಗೆ ತುಂಡುತುಂಡಾಗಿದ್ದರೆ ಮೈಲೇಜ್ ಇಳಿದದ್ದರಲ್ಲಿ ಕಾರಿನ ತಪ್ಪೇನೂ ಇಲ್ಲ. ಚಾವಣಿಯ ಮೇಲೆ ಕ್ಯಾರಿಯರ್ ಹಾಕಿಸಿದ್ದೀರಾ, ಹೆದ್ದಾರಿಯ ವೇಗ ಏರಿದೆಯೇ ಎಂಬುದನ್ನೂ ಕೇಳಿಕೊಳ್ಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 80ರಲ್ಲಿ ಇದ್ದ ತಡೆ 110 ಕಿಲೋಮೀಟರ್ ವೇಗದಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಇಂಧನವೂ ಬದಲಾಗಿರಬಹುದು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ಶೇ 10ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಶಕ್ತಿ ಸುಮಾರು ಶೇ 3ರಷ್ಟು, ಶೇ 20 ಬೆರೆತದ್ದರಲ್ಲಿ ಶೇ 6ರಿಂದ 7ರಷ್ಟು ಕಡಿಮೆ ಇರುತ್ತದೆ. ಮೈಲೇಜ್ ಇಳಿದದ್ದು ಇಷ್ಟರೊಳಗೇ ಇದ್ದು, ಬಂಕಿನ ಇಂಧನ ಬದಲಾದ ಸಮಯಕ್ಕೆ ಹೊಂದುತ್ತಿದ್ದರೆ ಕಾರನ್ನು ಬಿಚ್ಚಿ ನೋಡುವ ಅಗತ್ಯವಿಲ್ಲ. ಶೇ 15 ಅಥವಾ ಅದಕ್ಕಿಂತ ಹೆಚ್ಚಿನ ಇಳಿಕೆಯಿದ್ದರೆ ಮುಂದಕ್ಕೆ ಓದಿ.

ಮೂರನೆಯ ಹಂತ: ನ್ಯೂಟ್ರಲ್ ಪರೀಕ್ಷೆ

ಎರಡು ದಾರಿಗಳಲ್ಲಿ ಯಾವುದೆಂದು ಬೇರ್ಪಡಿಸುವ ಪರೀಕ್ಷೆ ಇದೇ. ಇದಕ್ಕೆ ಒಂದು ಗಡಿಯಾರ ಬಿಟ್ಟರೆ ಬೇರೇನೂ ಬೇಡ. ನೇರವಾದ, ಸಮತಟ್ಟಾದ, ಬೇರೆ ವಾಹನಗಳಿಲ್ಲದ ರಸ್ತೆಯಲ್ಲಿ ಹತ್ತಿಪ್ಪತ್ತು ನಿಮಿಷ ಓಡಿಸಿ ಬಿಸಿಯಾದ ಕಾರನ್ನು 60 ಕಿಲೋಮೀಟರಿಗಿಂತ ತುಸು ಹೆಚ್ಚು ವೇಗಕ್ಕೆ ಒಯ್ದು ನ್ಯೂಟ್ರಲಿಗೆ ಹಾಕಿ. ಮುಳ್ಳು 60ರಿಂದ 40ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಪಕ್ಕದಲ್ಲಿ ಕುಳಿತವರು ಅಳೆಯಲಿ. ಕಣ್ಣಿಗೆ ಕಾಣದ ಇಳಿಜಾರು ಮತ್ತು ಗಾಳಿ ಲೆಕ್ಕವನ್ನು ಕೆಡಿಸದಂತೆ ಅದೇ ಜಾಗದಲ್ಲಿ ಎದುರು ದಿಕ್ಕಿನಿಂದಲೂ ಅಳೆದು ಸರಾಸರಿ ತೆಗೆಯಬೇಕು. ಎಂಜಿನ್ನನ್ನು ಯಾವ ಕಾರಣಕ್ಕೂ ಆಫ್ ಮಾಡಕೂಡದು; ಆಫ್ ಮಾಡಿದರೆ ಬ್ರೇಕ್ ಮತ್ತು ಸ್ಟಿಯರಿಂಗಿಗೆ ಸಿಗುವ ನೆರವು ನಿಂತುಹೋಗುತ್ತದೆ.

ಎಲ್ಲ ಕಾರುಗಳಿಗೂ ಸಲ್ಲುವ ಒಂದೇ ಅಂಕಿ ಇಲ್ಲ. ಅದೇ ಮಾದರಿಯ ಇನ್ನೊಂದು ಕಾರಿನ ಜೊತೆ ಹೋಲಿಸುವುದು ಒಳ್ಳೆಯದು. ಸಿಗದಿದ್ದರೆ ರಿಪೇರಿಯ ಮೊದಲು ಮತ್ತು ನಂತರ ಹೋಲಿಸಲು ಈ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ನನ್ನ ಕಾರು ಹ್ಯಾಂಡ್ ಬ್ರೇಕ್ ಹಿಡಿದುಕೊಂಡಿದ್ದಾಗ 16 ಸೆಕೆಂಡಿನಲ್ಲಿ 40ಕ್ಕೆ ಇಳಿಯುತ್ತಿತ್ತು, ಕೇಬಲ್ ಬದಲಾಯಿಸಿದ ಮೇಲೆ 23 ಸೆಕೆಂಡ್ ಬೇಕಾಯಿತು. ಅಷ್ಟು ವ್ಯತ್ಯಾಸವಿದ್ದರೂ ಸ್ಟಿಯರಿಂಗ್ ಹಿಡಿದು ಕುಳಿತವನಿಗೆ ದಿನನಿತ್ಯದ ಓಡಾಟದಲ್ಲಿ ಅದು ಗೊತ್ತಾಗಿರಲಿಲ್ಲ, ಏಕೆಂದರೆ ಬ್ರೇಕ್ ತಿಂಗಳುಗಟ್ಟಲೆ ನಿಧಾನವಾಗಿ ಬಿಗಿಯಾಗುತ್ತ ಬಂದಿತ್ತು ಮತ್ತು ಕಾಲು ಆಕ್ಸಿಲರೇಟರನ್ನು ಅಷ್ಟಷ್ಟೇ ಹೆಚ್ಚು ಒತ್ತುವುದನ್ನು ಅಭ್ಯಾಸ ಮಾಡಿಕೊಂಡಿತ್ತು.

ಕಾರು ಬೇಗನೆ ನಿಧಾನವಾದರೆ ನಾಲ್ಕನೆಯ ಹಂತಕ್ಕೆ ಹೋಗಿ. ಸಲೀಸಾಗಿ ಉರುಳುತ್ತಿದ್ದರೆ ಚಕ್ರಗಳನ್ನು ಬಿಟ್ಟು ನೇರವಾಗಿ ಐದನೆಯ ಹಂತವನ್ನು ಹಿಡಿಯಬಹುದು.

ನಾಲ್ಕನೆಯ ಹಂತ: ಚಕ್ರ ಮತ್ತು ಬ್ರೇಕ್

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು ನೋಡಬೇಕು. ಇರಬೇಕಾದ ಒತ್ತಡ ಚಾಲಕನ ಬಾಗಿಲಿನ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಇರುವ ಸ್ಟಿಕರಿನಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಆ ಟೈರ್ ತಾಳಬಲ್ಲ ಗರಿಷ್ಠ ಒತ್ತಡ, ಅದನ್ನು ತುಂಬಿಸಬಾರದು. ಆದರೆ ಎಲ್ಲ ತಪ್ಪನ್ನೂ ಗಾಳಿಯ ಮೇಲೆ ಹೊರಿಸುವುದೂ ಬೇಡ. ನಾಲ್ಕೂ ಟೈರುಗಳಲ್ಲಿ ಪ್ರತಿ 1 ಪಿಎಸ್‌ಐ ಇಳಿಕೆಗೆ ಮೈಲೇಜ್ ಸುಮಾರು ಶೇ 0.2ರಷ್ಟು ಇಳಿಯುತ್ತದೆ ಎಂಬುದು ಸಾಮಾನ್ಯ ಅಂದಾಜು. ಎಂಟು ಪಿಎಸ್‌ಐ ಕಡಿಮೆಯಿದ್ದರೂ ಶೇ 2ರ ಒಳಗಿನ ಮಾತಾಯಿತು. ಟೈರ್ ಬೇಗ ಹಾಳಾಗುವುದು ನಿಜ. ಶೇ 20ರ ಇಳಿಕೆಗೆ ಮಾತ್ರ ಬೇರೆ ಕಾರಣವನ್ನೇ ಹುಡುಕಬೇಕು.

ಆ ಬೇರೆ ಕಾರಣ ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಬ್ರೇಕಿನಲ್ಲಿರುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಆದಷ್ಟು ಬ್ರೇಕ್ ಒತ್ತದೆ ಓಡಿಸಿ, ಕೊನೆಗೂ ನಿಧಾನವಾಗಿ ತಾನಾಗಿ ನಿಲ್ಲುವಂತೆ ನಿಲ್ಲಿಸಿ, ನಾಲ್ಕು ಚಕ್ರಗಳ ಬಿಸಿಯನ್ನು ಹೋಲಿಸಿ. ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಸುಲಭ; ಇಲ್ಲದಿದ್ದರೆ ಅಂಗೈಯನ್ನು ರಿಮ್ಮಿನ ಹತ್ತಿರಕ್ಕೆ ಒಯ್ಯಿರಿ, ಮುಟ್ಟಬೇಡಿ. ನನ್ನ ಕಾರಿನಲ್ಲಿ ಮೂರು ಚಕ್ರಗಳು ಬೆಚ್ಚಗಿದ್ದವು, ನಾಲ್ಕನೆಯದರ ಹತ್ತಿರ ಕೈ ಇಡುವುದೇ ಕಷ್ಟವಾಗಿತ್ತು. ಬಾಟಲಿಯಿಂದ ನಾಲ್ಕು ಹನಿ ನೀರು ಡ್ರಮ್ಮಿನ ಮೇಲೆ ಬಿಟ್ಟರೆ ಚುರ್ ಎಂದು ಸದ್ದಾಗಿ, ನೀರು ಕೆಳಗಿಳಿಯುವ ಮೊದಲೇ ಆರಿಹೋಯಿತು. ಮುಂದಿನ ಎರಡು ಚಕ್ರಗಳು ಹಿಂದಿನವುಗಳಿಗಿಂತ ಸ್ವಲ್ಪ ಹೆಚ್ಚು ಬಿಸಿಯಿರುವುದು ಸಹಜ. ಹೋಲಿಸಬೇಕಾದದ್ದು ಎಡಕ್ಕೂ ಬಲಕ್ಕೂ ನಡುವೆ.

ಬಿಸಿಯಾದ ಚಕ್ರ ಸಿಕ್ಕಿದ ಮೇಲೆ ಗಾಡಿಯನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದ ಬಳಿಕವೇ ಕೈಯಿಂದ ತಿರುಗಿಸಿ ನೋಡಿ. ಪ್ಯಾಡ್ ಡಿಸ್ಕಿಗೆ ಮೆಲ್ಲಗೆ ಸವರುವ ಸದ್ದು ಇರುತ್ತದೆ, ಅದು ದೋಷವಲ್ಲ. ಒಂದು ಕೈಯಲ್ಲಿ ತಿರುಗದಷ್ಟು ಬಿಗಿಯಿದ್ದರೆ ದೋಷ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ಗ್ರೀಸ್ ಒಣಗಿ ಹಿಡಿದುಕೊಂಡಿರಬಹುದು, ಪಿಸ್ಟನ್ ತುಕ್ಕು ಹಿಡಿದಿರಬಹುದು. ಹೆಚ್ಚಿನವರು ಮರೆಯುವ ಮೂರನೆಯದು ಬ್ರೇಕಿನ ರಬ್ಬರ್ ಹೋಸ್. ವರ್ಷಗಳು ಕಳೆದಂತೆ ಅದು ಒಳಗಿಂದ ಊದಿಕೊಂಡು, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಒಳಗೆ ಬಿಟ್ಟು, ಪೆಡಲ್ ಬಿಟ್ಟಾಗ ಹಿಂದಕ್ಕೆ ಬಿಡದೆ ಹಿಡಿದಿಡುತ್ತದೆ. ಹೊರಗಿನಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಕಾಣುತ್ತದೆ. ಬಿಗಿಯಾದ ಚಕ್ರದ ಬ್ಲೀಡ್ ನಿಪ್ಪಲನ್ನು (ಬ್ರೇಕ್ ಆಯಿಲಿನಿಂದ ಗಾಳಿ ಹೊರಬಿಡುವ ತಿರುಪನ್ನು) ಸ್ವಲ್ಪ ಸಡಿಲಿಸಿದ ಕೂಡಲೇ ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಸಿಕ್ಕಿಹಾಕಿಕೊಂಡಿದೆ ಎಂದರ್ಥ, ಹೋಸನ್ನು ಮೊದಲು ಸಂಶಯಿಸಬೇಕು. ಆಗಲೂ ಬಿಗಿಯಾಗಿಯೇ ಉಳಿದರೆ ಪಿಸ್ಟನ್ ಅಥವಾ ಪಿನ್ನು. ನಿಪ್ಪಲ್ ತೆರೆದವರು ಗಾಳಿ ಹೊಕ್ಕಿಲ್ಲವೆಂದು ಖಚಿತಪಡಿಸಿಕೊಳ್ಳದೆ ಗಾಡಿ ರಸ್ತೆಗಿಳಿಸಬಾರದು.

ಚಕ್ರ ಎತ್ತಿದ್ದಾಗಲೇ ಟೈರಿನ ಪಟ್ಟಿಯ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಸವರಿ. ಒಂದು ದಿಕ್ಕಿನಲ್ಲಿ ನುಣುಪಾಗಿದ್ದು ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ತಾಗಿದರೆ ಟೋ, ಅಂದರೆ ಚಕ್ರ ನೇರ ಮುಂದಕ್ಕೆ ನೋಡುವ ಕೋನ, ತಪ್ಪಿದೆ, ಟೈರ್ ಉರುಳುವುದರ ಜೊತೆಗೆ ಅಡ್ಡಕ್ಕೆ ಉಜ್ಜುತ್ತಲೂ ಇದೆ; ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ತಿರುಗಿಸುವಾಗ ಗುರುಗುರು ಸದ್ದು ಬಂದರೆ ಬೇರಿಂಗ್.

ಐದನೆಯ ಹಂತ: ಎಂಜಿನ್ ನಿಜವಾಗಿಯೂ ಬಿಸಿಯಾಗುತ್ತಿದೆಯೇ

ಕಾರು ಸಲೀಸಾಗಿ ಉರುಳುತ್ತಿದ್ದೂ ಇಂಧನ ಹೆಚ್ಚು ಬೇಕಾಗುತ್ತಿದ್ದರೆ ನಾನು ಮೊದಲು ನೋಡುವುದು ಥರ್ಮೋಸ್ಟಾಟನ್ನು, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವನ್ನು. ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡ ಥರ್ಮೋಸ್ಟಾಟ್ ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಎಂಜಿನ್ ವಿಪರೀತ ಬಿಸಿಯಾದರೆ ಗಾಬರಿಯಾಗುವವರು ತಣ್ಣಗಿದ್ದರೆ ಸಂತೋಷಪಡುತ್ತಾರೆ. ಕೆಲವರು ಬಿಸಿಯ ತೊಂದರೆಗೆ ಪರಿಹಾರವೆಂದು ಥರ್ಮೋಸ್ಟಾಟನ್ನೇ ತೆಗೆಸಿಬಿಟ್ಟಿರುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಅದು ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಎಂಜಿನ್ ತಣ್ಣಗಿದೆಯೆಂದು ಕಂಡಷ್ಟು ಹೊತ್ತು ಕಂಪ್ಯೂಟರ್, ಅಂದರೆ ಇಸಿಯು, ಹೆಚ್ಚುವರಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ.

ಪರೀಕ್ಷೆ ಸರಳ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ಬಟ್ಟೆ ದೂರವಿರಿಸಿಕೊಂಡು, ರೇಡಿಯೇಟರಿನ ಮೇಲಿನ ದಪ್ಪ ಹೋಸನ್ನು ಆಗಾಗ ಮುಟ್ಟಿ ನೋಡಿ. ಥರ್ಮೋಸ್ಟಾಟ್ ಎಂಜಿನ್ನಿನಿಂದ ನೀರು ಹೊರಬರುವ ಬದಿಯಲ್ಲಿರುವ ಕಾರುಗಳಲ್ಲಿ, ಅದು ಸರಿಯಿದ್ದರೆ ಹಲವು ನಿಮಿಷಗಳವರೆಗೆ ಹೋಸ್ ತಣ್ಣಗೇ ಇದ್ದು, ಕೂಲೆಂಟ್ 82ರಿಂದ 92 ಡಿಗ್ರಿಯ ನಡುವೆ ಆ ಕಾರಿಗೆ ನಿಗದಿಯಾದ ಶಾಖಕ್ಕೆ ಬಂದಾಗ ಒಮ್ಮೆಲೇ ಕೈ ಸುಡುವಷ್ಟಾಗುತ್ತದೆ. ಸ್ಟಾರ್ಟ್ ಮಾಡಿದ ಎರಡನೆಯ ನಿಮಿಷದಿಂದಲೇ ಎಂಜಿನ್ನಿನ ಜೊತೆಜೊತೆಗೆ ಹೋಸೂ ಉಗುರುಬೆಚ್ಚಗಾಗುತ್ತ ಬಂದರೆ ಥರ್ಮೋಸ್ಟಾಟ್ ಮುಚ್ಚಿಕೊಳ್ಳುತ್ತಿಲ್ಲ. ಹೆದ್ದಾರಿಯಲ್ಲಿ ಓಡುವಾಗ ಶಾಖದ ಮುಳ್ಳು ಕೆಳಗಿಳಿದು, ಟ್ರಾಫಿಕ್ಕಿನಲ್ಲಿ ನಿಂತಾಗ ಮೇಲೇರುವುದೂ ಇದರದೇ ಲಕ್ಷಣ. ಬಿಚ್ಚಿದ ಹಳೆಯದನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ ಕಾಯಿಸಿದರೆ ಎಷ್ಟು ಡಿಗ್ರಿಗೆ ಬಾಯಿ ತೆರೆಯುತ್ತದೆಂದು ಕಣ್ಣಾರೆ ನೋಡಬಹುದು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬೇಡಿ.

ಎಂಜಿನ್ ಬಿಸಿಯಾಗಿದ್ದೂ ಇಸಿಯುವಿಗೆ ಆ ಸುದ್ದಿ ಮುಟ್ಟದಿರುವುದು ಇನ್ನೊಂದು ಬಗೆ. ಕೂಲೆಂಟ್ ಶಾಖದ ಸೆನ್ಸರ್ ಹಳತಾಗಿ ತಪ್ಪು ಹೇಳುತ್ತಿದ್ದರೂ ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಾಗಿಯೇ ಇರಬಹುದು, ಏಕೆಂದರೆ ಹಲವು ಹಳೆಯ ಕಾರುಗಳಲ್ಲಿ ಮುಳ್ಳಿಗೆ ಒಂದು ಸೆನ್ಸರ್, ಇಸಿಯುವಿಗೆ ಬೇರೊಂದು. ಇಸಿಯುವಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಇದ್ದರೆ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಹಾಕಿ ಕೂಲೆಂಟಿನ ಶಾಖವನ್ನೂ ಒಳಬರುವ ಗಾಳಿಯ ಶಾಖವನ್ನೂ ಓದಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎರಡೂ ಹೊರಗಿನ ಹವೆಯ ಶಾಖಕ್ಕೆ ಹತ್ತಿರವಿರಬೇಕು. ಕೂಲೆಂಟ್ ಮೈನಸ್ 40 ಡಿಗ್ರಿ ಎಂದು ತೋರಿಸಿದರೆ ತಂತಿ ತುಂಡಾಗಿದೆ ಅಥವಾ ಕನೆಕ್ಟರ್ ಕಳಚಿದೆ.

ಆರನೆಯ ಹಂತ: ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್

ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ಯಾನರ್ ಜೋಡಿಸುವ 16 ಪಿನ್ನುಗಳ ಒಬಿಡಿ ಸಾಕೆಟ್ ಇರುವ ಕಾರಾದರೆ, ಫೋನಿಗೆ ಬ್ಲೂಟೂತ್ ಮೂಲಕ ಜೋಡಿಸುವ ಸಣ್ಣ ಅಡಾಪ್ಟರ್ ಸಾಕು. ಚೆಕ್ ಎಂಜಿನ್ ದೀಪ ಉರಿಯುತ್ತಿಲ್ಲವೆಂದು ಈ ಹಂತವನ್ನು ಬಿಡಬೇಡಿ. ದೀಪ ಹತ್ತುವುದು ತಪ್ಪು ಮಿತಿ ಮೀರಿದ ಮೇಲೆ, ಇಂಧನ ಪೋಲಾಗುವುದು ಅದಕ್ಕಿಂತ ಬಹಳ ಮೊದಲು.

ನೋಡಬೇಕಾದದ್ದು ಫ್ಯುಯೆಲ್ ಟ್ರಿಮ್ ಎಂಬ ಎರಡು ಅಂಕಿಗಳನ್ನು. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಇರುವಂತೆ ಇಸಿಯು ಮಿಶ್ರಣವನ್ನು ಕಾಯ್ದುಕೊಳ್ಳಲು ಯತ್ನಿಸುತ್ತದೆ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಅದು ಮೂಲ ಲೆಕ್ಕಕ್ಕೆ ಎಷ್ಟು ಶೇಕಡ ಪೆಟ್ರೋಲ್ ಸೇರಿಸಿದೆ ಅಥವಾ ಕಳೆದಿದೆ ಎಂಬುದೇ ಟ್ರಿಮ್. ಶಾರ್ಟ್ ಟರ್ಮ್ ಅಂಕಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಲಾಂಗ್ ಟರ್ಮ್ ಅಂಕಿ ಕಲಿತಿಟ್ಟುಕೊಂಡದ್ದು. ಎರಡನ್ನೂ ಕೂಡಿಸಿದಾಗ ಪ್ಲಸ್ ಅಥವಾ ಮೈನಸ್ 5ರೊಳಗಿದ್ದರೆ ಚಿಂತೆಯಿಲ್ಲ, 10 ದಾಟಿದರೆ ಕಾರಣ ಹುಡುಕಬೇಕು.

ಮೈನಸ್ ಅಂಕಿ ದೊಡ್ಡದಿದ್ದರೆ ಇಸಿಯು ಬೇಡವೆಂದರೂ ಎಲ್ಲಿಂದಲೋ ಪೆಟ್ರೋಲ್ ಬರುತ್ತಿದೆ. ಇಂಜೆಕ್ಟರ್ ಸೋರುತ್ತಿರಬಹುದು. ಪೆಟ್ರೋಲಿನ ಒತ್ತಡವನ್ನು ಹದದಲ್ಲಿಡುವ ಪ್ರೆಷರ್ ರೆಗ್ಯುಲೇಟರ್ ಎಂಜಿನ್ ಮೇಲೆಯೇ ಇರುವ ಕಾರುಗಳಲ್ಲಿ, ಎಂಜಿನ್ ನಿಲ್ಲಿಸಿ, ಅದಕ್ಕೆ ಜೋಡಿಸಿದ ಸಣ್ಣ ವ್ಯಾಕ್ಯೂಮ್ ಪೈಪನ್ನು ಎಳೆದು ಮೂಸಿ ನೋಡಿ: ಒಳಗೆ ಪೆಟ್ರೋಲಿನ ಹಸಿ ಇದ್ದರೆ ಅದರ ಪೊರೆ ಹರಿದಿದೆ, ಪೆಟ್ರೋಲ್ ನೇರವಾಗಿ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ) ಹೀರಲ್ಪಡುತ್ತಿದೆ. ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿದ್ದರೂ ಹೀಗಾಗುತ್ತದೆ.

ಪ್ಲಸ್ ಅಂಕಿ ಐಡಲಿಂಗಿನಲ್ಲಿ ದೊಡ್ಡದಿದ್ದು 2500 ಆರ್‌ಪಿಎಂಗೆ ಏರಿಸಿದಾಗ ತಗ್ಗಿದರೆ, ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಸೇರುತ್ತಿದೆ. ಮೂರಡಿ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ವ್ಯಾಕ್ಯೂಮ್ ಹೋಸುಗಳ ಉದ್ದಕ್ಕೂ ಒಯ್ದರೆ ಬಿರುಕಿರುವ ಕಡೆ ಸುಯ್ಯೆನ್ನುವ ಸದ್ದು ನಿಚ್ಚಳವಾಗಿ ಕೇಳುತ್ತದೆ. ಹತ್ತಿಕೊಳ್ಳುವ ಸ್ಪ್ರೇಗಳನ್ನು ಬಿಸಿ ಎಂಜಿನ್ನಿನ ಮೇಲೆ ಎರಚಿ ಹುಡುಕುವ ಪದ್ಧತಿಯನ್ನು ನಾನು ಶಿಫಾರಸು ಮಾಡಲಾರೆ. ಒಳಬರುವ ಗಾಳಿಯನ್ನು ನೇರವಾಗಿ ಅಳೆಯದೆ ಮ್ಯಾನಿಫೋಲ್ಡಿನ ಒತ್ತಡದಿಂದ ಲೆಕ್ಕ ಹಾಕುವ ಕಾರುಗಳಲ್ಲಿ ಟ್ರಿಮ್ ಇಷ್ಟು ಸ್ಪಷ್ಟವಾಗಿ ಹೇಳದು; ಐಡಲ್ ವೇಗ ತಾನಾಗಿ ಏರಿರುವುದೇ ಅಲ್ಲಿ ಸುಳಿವು.

ಇಲ್ಲೊಂದು ಮೋಸವಿದೆ, ಅನುಭವಿ ಮೆಕ್ಯಾನಿಕ್‌ಗಳೂ ಇದಕ್ಕೆ ಬೀಳುತ್ತಾರೆ. ಟ್ರಿಮ್ ಪ್ಲಸ್ ಇದ್ದ ಮಾತ್ರಕ್ಕೆ ಎಂಜಿನ್ನಿಗೆ ಪೆಟ್ರೋಲ್ ಕಡಿಮೆಯಾಗಿದೆ ಎಂದಲ್ಲ. ಕಡಿಮೆಯಾಗಿದೆ ಎಂದು ಆಕ್ಸಿಜನ್ ಸೆನ್ಸರ್ ಹೇಳುತ್ತಿದೆ, ಅಷ್ಟೇ. ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರಿಗೆ ಆಮ್ಲಜನಕ ಹೆಚ್ಚು ಕಾಣುತ್ತದೆ. ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಅಂದರೆ ಅದರಲ್ಲಿ ಆಗಾಗ ಪೆಟ್ರೋಲ್ ಹತ್ತಿಕೊಳ್ಳದಿದ್ದರೆ, ಉರಿಯದೆ ಉಳಿದ ಆಮ್ಲಜನಕವೂ ಹಾಗೆಯೇ ಕಾಣುತ್ತದೆ. ಎರಡೂ ಸಂದರ್ಭಗಳಲ್ಲಿ ಇಸಿಯು, ಬೇಡದ ಪೆಟ್ರೋಲನ್ನು ಎಲ್ಲ ಸಿಲಿಂಡರುಗಳಿಗೂ ಸುರಿಯುತ್ತದೆ. ಆದ್ದರಿಂದ ಟ್ರಿಮ್ ಪ್ಲಸ್ ಕಂಡಾಗ ಒಂದು ಪ್ಲಗ್ ಬಿಚ್ಚಿ ನೋಡಿ: ತುದಿ ಒಣ ಮಸಿಯಿಂದ ಕಪ್ಪಾಗಿದ್ದರೆ ಸೆನ್ಸರ್ ಹೇಳುತ್ತಿರುವುದು ಸುಳ್ಳು, ಪ್ಲಗ್ ಹೇಳುತ್ತಿರುವುದು ನಿಜ.

ಆಕ್ಸಿಜನ್ ಸೆನ್ಸರ್ ತಾನೇ ಮುಪ್ಪಾಗಿರುವುದೂ ಉಂಟು. ಹಳೆಯ ಬಗೆಯ ಸೆನ್ಸರಿನ ವೋಲ್ಟೇಜ್ ಬಿಸಿ ಎಂಜಿನ್ನಿನಲ್ಲಿ 0.1 ಮತ್ತು 0.9ರ ನಡುವೆ ಚುರುಕಾಗಿ ಮೇಲೆ ಕೆಳಗೆ ಆಡುತ್ತಿರಬೇಕು; ನಿಧಾನವಾಗಿ ತೂಗಾಡಿದರೆ ಅಥವಾ ಒಂದೇ ಕಡೆ ನಿಂತರೆ ಅನುಮಾನಿಸಬೇಕು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಆಚೆಗಿರುವ ಎರಡನೆಯ ಸೆನ್ಸರ್ ಸ್ಥಿರವಾಗಿರುವುದೇ ಸರಿ, ಅದನ್ನು ನೋಡಿ ಗಾಬರಿಯಾಗಬೇಡಿ.

ಏಳನೆಯ ಹಂತ: ಪ್ಲಗ್, ಫಿಲ್ಟರ್, ಕಂಪ್ರೆಷನ್

ಪ್ಲಗ್‌ಗಳನ್ನು ಬಿಚ್ಚುವಾಗ ಯಾವುದು ಯಾವ ಸಿಲಿಂಡರಿನದೆಂದು ಸಾಲಾಗಿ ಇಟ್ಟುಕೊಳ್ಳಿ. ತಿಳಿಕಂದು ಅಥವಾ ಬೂದು ಬಣ್ಣ ಆರೋಗ್ಯದ ಗುರುತು. ನಾಲ್ಕೂ ಕಪ್ಪಾಗಿದ್ದರೆ ಮಿಶ್ರಣದ ದೋಷ, ಒಂದೇ ಕಪ್ಪಾಗಿದ್ದರೆ ಆ ಸಿಲಿಂಡರಿನ ಕಿಡಿ ಅಥವಾ ಇಂಜೆಕ್ಟರ್, ಜಿಡ್ಡಾಗಿದ್ದರೆ ಆಯಿಲ್ ಒಳಸೇರುತ್ತಿದೆ. ಚೆಕ್ ಎಂಜಿನ್ ದೀಪ ಮಿಟುಕುತ್ತಿದ್ದರೆ ಮಿಸ್ಸಿಂಗ್ ತೀವ್ರವಾಗಿದೆ. ಹಾಗೆಯೇ ಓಡಿಸಿದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ.

ಏರ್ ಫಿಲ್ಟರಿನ ಬಗ್ಗೆ ಇರುವ ನಂಬಿಕೆ, ಇಂಜೆಕ್ಟರುಗಳಿಗಿಂತ ಮೊದಲು ಪೆಟ್ರೋಲನ್ನು ಗಾಳಿಗೆ ಬೆರೆಸುತ್ತಿದ್ದ ಕಾರ್ಬುರೇಟರಿನ ಕಾಲದ್ದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ನಡೆಸಿದ ಪರೀಕ್ಷೆಗಳಲ್ಲಿ, ಇಂಜೆಕ್ಷನ್ ಇರುವ ಆಧುನಿಕ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ವೇಗ ಹಿಡಿಯುವ ಶಕ್ತಿಯನ್ನು ಕುಗ್ಗಿಸಿತೇ ಹೊರತು ಮೈಲೇಜನ್ನು ಗಮನಾರ್ಹವಾಗಿ ಬದಲಿಸಲಿಲ್ಲ. ಫಿಲ್ಟರ್ ಹೊಲಸಾಗಿದ್ದರೆ ಬದಲಾಯಿಸಿ, ಆದರೆ ಮೈಲೇಜಿನ ಆಸೆಯಿಂದ ಬೇಡ.

ಇಷ್ಟಾದರೂ ಕಾರಣ ಸಿಗದಿದ್ದರೆ, ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಬಲ್ಲದೆಂದು ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಿಲಿಂಡರುಗಳ ಅಂಕಿಗಳ ನಡುವೆ ಶೇ 10ರಿಂದ 15ಕ್ಕಿಂತ ಹೆಚ್ಚು ಅಂತರವಿರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಟಾಪ್ ಗೇರಿನಲ್ಲಿ ಏರು ಹತ್ತುವಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ಪಿಕಪ್ ಬಹಳ ಕುಂದಿ, ಆರ್‌ಪಿಎಂ ಏರಲು ತಿಣುಕುತ್ತಿದ್ದರೆ ಕನ್ವರ್ಟರ್ ಒಳಗೆ ಕಟ್ಟಿಕೊಂಡಿರಬಹುದು.

ಕಾರ್ಬುರೇಟರ್ ಮತ್ತು ಡೀಸೆಲ್ ಗಾಡಿಗಳು

ಕಾರ್ಬುರೇಟರ್ ಇರುವ ಗಾಡಿಯಲ್ಲಿ ತಪ್ಪನ್ನು ತಿದ್ದುವ ಇಸಿಯು ಇಲ್ಲ, ಆದ್ದರಿಂದ ಎಲ್ಲ ದೋಷವೂ ನೇರವಾಗಿ ಮೈಲೇಜಿನಲ್ಲಿ ಕಾಣುತ್ತದೆ. ಎಂಜಿನ್ ಬಿಸಿಯಾದ ಮೇಲೆ ತಣ್ಣಗಿನ ಎಂಜಿನ್ನಿಗೆ ಗಾಳಿ ಕಡಿಮೆ ಮಾಡುವ ಚೋಕಿನ ತಗಡು ಪೂರ್ತಿ ತೆರೆದಿದೆಯೇ ಎಂದು ಏರ್ ಫಿಲ್ಟರ್ ತೆಗೆದು ಕಣ್ಣಾರೆ ನೋಡಿ. ಡ್ಯಾಶ್‌ಬೋರ್ಡಿನ ಗುಂಡಿ ಒಳಗೆ ಹೋಗಿದ್ದರೂ ಕೇಬಲ್ ಅರ್ಧದಲ್ಲಿ ನಿಂತಿರಬಹುದು. ಫ್ಲೋಟ್ ಮಟ್ಟ ಏರಿದ್ದರೂ ಸೂಜಿ ಸವೆದಿದ್ದರೂ ಮಿಶ್ರಣ ದಟ್ಟವಾಗುತ್ತದೆ. ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಕಿಡಿಯನ್ನು ಬೇಕಾದಾಗ ಬೇಗ ಕೊಡಿಸುವ ವ್ಯಾಕ್ಯೂಮ್ ಅಡ್ವಾನ್ಸನ್ನು ಮರೆಯಬೇಡಿ: ಅದರ ಪೊರೆ ಹರಿದರೆ ಹದವಾದ ವೇಗದಲ್ಲಿ ಓಡುವಾಗ ಕಿಡಿ ತಡವಾಗಿ ಬಂದು, ಗಾಡಿ ಓಡುವುದರಲ್ಲಿ ಏನೂ ಕೊರತೆ ಕಾಣದಿದ್ದರೂ ಪೆಟ್ರೋಲ್ ಮಾತ್ರ ಹೆಚ್ಚು ಹೋಗುತ್ತದೆ. ಎಂಜಿನ್ ನಿಲ್ಲಿಸಿ, ಕಾರ್ಬುರೇಟರ್ ಬದಿಯಲ್ಲಿ ಕಳಚಿದ ಅದರ ಪೈಪಿನಿಂದ ಗಾಳಿ ಹೀರಿ ನಾಲಿಗೆಯಿಂದ ಮುಚ್ಚಿದರೆ ಹಿಡಿತ ನಿಲ್ಲಬೇಕು. ಗಾಳಿ ಸಲೀಸಾಗಿ ಬರುತ್ತಲೇ ಇದ್ದರೆ ಪೊರೆ ಹೋಗಿದೆ.

ಡೀಸೆಲ್ಲಿನಲ್ಲಿ ಹೊಗೆಯ ಬಣ್ಣವೇ ದಾರಿ ತೋರಿಸುತ್ತದೆ. ಭಾರ ಬಿದ್ದಾಗ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಇಂಜೆಕ್ಟರ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಟರ್ಬೋದಿಂದ ಎಂಜಿನ್ನಿಗೆ ಹೋಗುವ ಪೈಪುಗಳ ಜೋಡಣೆಗಳಲ್ಲಿ ಆಯಿಲಿನ ಕಲೆ ಹುಡುಕಿ, ಅಲ್ಲಿಂದಲೇ ಒತ್ತಡ ಸೋರುತ್ತಿರುತ್ತದೆ.

ರಿಪೇರಿಯ ನಂತರ

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎರಡು ಕೆಲಸ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಫಲ ಬಂತೆಂದು ತಿಳಿಯುವುದಿಲ್ಲ. ಸೆನ್ಸರ್ ಅಥವಾ ಇಂಧನಕ್ಕೆ ಸಂಬಂಧಿಸಿದ ಭಾಗ ಬದಲಾಯಿಸಿದ್ದರೆ ಇಸಿಯು ಕಲಿತಿಟ್ಟುಕೊಂಡ ಹಳೆಯ ಟ್ರಿಮ್ಮನ್ನು ಸ್ಕ್ಯಾನರಿನಿಂದ ಅಳಿಸಿ, ಅದು ಹೊಸದಾಗಿ ಕಲಿಯುವವರೆಗಿನ ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬ್ರೇಕಿನ ಕೆಲಸವಾಗಿದ್ದರೆ ಟ್ಯಾಂಕ್ ಖಾಲಿಯಾಗುವವರೆಗೆ ಕಾಯುವ ಅಗತ್ಯವೂ ಇಲ್ಲ: ಅದೇ ರಸ್ತೆ, ಅದೇ 60ರಿಂದ 40, ಬರೆದಿಟ್ಟುಕೊಂಡ ಸೆಕೆಂಡುಗಳ ಪಕ್ಕದಲ್ಲಿ ಹೊಸ ಅಂಕಿಯನ್ನು ಬರೆದು ನೋಡಿ.